ಕೂತಲ್ಲಿಗೇ ಸಂಬಳ

ಗಂಡ ಕತ್ತಲಾಗುವ ಮುಂಚೆ ಮನೆ ಸೇರಲಿ ಎಂದು ಟೈಲರಮ್ಮನೂ ಮದುವೆಯಾದ ಹೊಸದರಲ್ಲಿ ಬಯಸಿ ಬಯಸಿ, ಸಾಕಾಗಿ, ಕೈಬಿಟ್ಟವಳೇ. ಆ ಬಯಕೆ ಈಡೇರಿದ್ದು ಅವಳ ತಲೆಗೂದಲು ಅರ್ಧ ಬೆಳ್ಳಗಾದ ಮೇಲೆ. ಬೀದಿಯ ಮಕ್ಕಳು ಇನ್ನೂ ಶಾಲೆಯ ಬಟ್ಟೆಯಲ್ಲೇ ಚೆಂಡು ಒದೆಯುತ್ತಿದ್ದರು. ಅವಳು ಮುಂದಿನ ಕೋಣೆಯಲ್ಲಿ ಯಾರದೋ ಪರದೆಗೆ ಅಂಚು ಕಟ್ಟುತ್ತಿದ್ದಳು. ಬಾಗಿಲಲ್ಲಿ ಬೆಳಕು ಮರೆಯಾಯಿತೆಂದು ತಲೆ ಎತ್ತಿದರೆ ಗಂಡ ಚೀಲ ಹಿಡಿದು ನಿಂತಿದ್ದ.

"ಏನ್ರೀ, ಮೈಗೆ ಹುಷಾರಿಲ್ವಾ?" ಎಂದಳು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು.

"ಹುಷಾರಾಗೇ ಇದೀನಿ. ಕೆಲಸ ಮುಗೀತು."

"ಇಷ್ಟು ಬೇಗ?"

"ಬೇಗ ಅಲ್ಲ. ಕೆಲಸಾನೇ ಮುಗೀತು ಅಂದೆ."

ಅವನು ನೀರಿನ ಕಚೇರಿಯ ತಪಾಸಣೆ ವಿಭಾಗಕ್ಕೆ ಮುಖ್ಯಸ್ಥ. ಊರಿನ ಮನೆಮನೆಯ ಮೀಟರಿನ ಅಂಕಿ ಕಾಗದದ ಮೇಲೆ ಬರುತ್ತಿತ್ತು. ಅವನ ಕೈಕೆಳಗಿನವರು ಅದನ್ನು ಬಿಲ್ಲಿನ ಜೊತೆ ತಾಳೆ ನೋಡುತ್ತಿದ್ದರು, ಅವರು ನೋಡಿದ್ದನ್ನು ಅವನು ಇನ್ನೊಂದು ಸಲ ನೋಡುತ್ತಿದ್ದ. ಈಗ ಮೀಟರುಗಳು ತಮ್ಮ ಅಂಕಿಯನ್ನು ತಾವೇ ಕಂಪ್ಯೂಟರಿಗೆ ಕಳಿಸತೊಡಗಿದ್ದವು. ಕಂಪ್ಯೂಟರು ತಾನೇ ಬಿಲ್ಲು ಮಾಡಿ, ತಾನೇ ತಾಳೆ ನೋಡಿಕೊಂಡು, ಜನರ ಫೋನಿಗೆ ಕಳಿಸಿಬಿಡುತ್ತಿತ್ತು. ಯಾರ ಹೊಟ್ಟೆಯ ಮೇಲೂ ಹೊಡೆಯುವುದಿಲ್ಲ ಎಂದು ಮೇಲಿನವರು ಮಾತು ಕೊಟ್ಟಿದ್ದರು; ಹೊಡೆಯಲೂ ಇಲ್ಲ. ಕಿರಿಯರನ್ನು ಅಲ್ಲಿಗೊಬ್ಬರು ಇಲ್ಲಿಗೊಬ್ಬರು ಎಂದು ಹಂಚಿದರು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಉಳಿದಿದ್ದ, ಅವನೂ ಸೇರಿ ಆರು ಜನ ಹಿರಿಯರನ್ನು ಮೂರನೆಯ ಮಹಡಿಯ ಒಂದು ಕೋಣೆಗೆ ಕಳಿಸಿ, "ಸದ್ಯಕ್ಕೆ ಇಲ್ಲಿರಿ" ಎಂದರು. ಹೊತ್ತಿಗೆ ಬರಬೇಕು, ಹೊತ್ತಿಗೆ ಹೋಗಬೇಕು. ನಡುವೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಒಳಗಿನ ಮಂಚದಿಂದ ಅತ್ತೆಯ ದನಿ ಬಂತು. ಮುದುಕಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ.

"ಸಂಬಳ ಕೊಡ್ತಾರೇನೋ?"

"ಕೊಡ್ತಾರಮ್ಮ. ಪೂರ್ತಿ."

"ಕೂತಲ್ಲಿಗೇ ಸಂಬಳಾನಾ! ನಿಮ್ಮಪ್ಪ ಬೆನ್ನು ಮುರಿಯೋ ಹಾಗೆ ದುಡಿದ್ರೂ ಹೊತ್ತಿಗೆ ಸರಿಯಾಗಿ ಕೈಗೆ ಬರ್ತಿರ್ಲಿಲ್ಲ. ನೀನು ಅದೃಷ್ಟವಂತ ಕಣೋ."

ಟೈಲರಮ್ಮನಿಗೂ ಹಾಗೆಯೇ ಅನಿಸಿತು. ಪಾಪ, ಇಷ್ಟು ವರ್ಷ ಅಂಕಿ ನೋಡಿ ನೋಡಿ ಕಣ್ಣು ಗುಳಿ ಬಿದ್ದಿದೆ, ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ ಎಂದು ಚಹಾಕ್ಕೆ ಇಟ್ಟಳು.

ಮೊದಲ ವಾರ ಚೆನ್ನಾಗಿಯೇ ಹೋಯಿತು. ವರ್ಷದಿಂದ ತೊಟ್ಟಿಕ್ಕುತ್ತಿದ್ದ ಬಚ್ಚಲಿನ ನಲ್ಲಿ ರಿಪೇರಿಯಾಯಿತು. ಕಿಟಕಿಯ ಚಿಲಕ ಬಿಗಿಯಾಯಿತು. ಅತ್ತೆಯ ಮಂಚದ ಕಿರುಗುಟ್ಟುವ ಕಾಲಿಗೆ ಎಣ್ಣೆ ಬಿತ್ತು. ಎರಡನೆಯ ವಾರದಿಂದ ರಿಪೇರಿ ಮಾಡಲು ಏನೂ ಉಳಿಯದೆ ಗಂಡ ತಪಾಸಣೆಗೆ ಇಳಿದ.

ಹಾಲು ಪಾತ್ರೆಯಲ್ಲಿ ಎಲ್ಲಿಯವರೆಗೆ ಬಂತು ಎಂದು ಬಗ್ಗಿ ನೋಡಿದ. ಒಲೆಯ ಉರಿ ಅಗತ್ಯಕ್ಕಿಂತ ದೊಡ್ಡದಾಗಿದೆ ಎಂದು ಸಣ್ಣ ಮಾಡಿ ಹೋದ; ಬೇಳೆ ಬೇಯಲಿಲ್ಲ. ಅಡಿಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ, ಎತ್ತರದ ಪ್ರಕಾರ ಜೋಡಿಸಿದ. ದಿನಾ ಕೈಗೆ ಸಿಗಬೇಕಾದ ಉಪ್ಪು ಅಟ್ಟಕ್ಕೆ ಏರಿತು.

"ಇದ್ಯಾರು ಮಾಡಿದ್ದು?" ಎಂದು ಟೈಲರಮ್ಮ ಸ್ಟೂಲು ಹತ್ತಿ ಉಪ್ಪು ತೆಗೆಯುತ್ತ ಕೇಳಿದಳು.

"ಒಂದು ಕ್ರಮ ಅಂತ ಇರಬೇಕಲ್ವಾ?"

"ಇಷ್ಟು ವರ್ಷ ನಾನು ಅಕ್ರಮವಾಗಿ ಅಡಿಗೆ ಮಾಡಿ ಹಾಕಿದ್ನಾ?"

ಮಗಳು ಊಟದ ತಟ್ಟೆ ಹಿಡಿದು ನಕ್ಕಳು. "ಅಮ್ಮಾ, ತಪಾಸಣೆ ಸಾಹೇಬ್ರು ಬಂದಿದಾರೆ, ಸರಿಯಾಗಿ ಮಾತಾಡು."

ಅಡಿಗೆಮನೆಯನ್ನಾದರೂ ಟೈಲರಮ್ಮ ಸಹಿಸಿಕೊಂಡಳು. ಹೊಲಿಗೆಯ ಕೋಣೆಗೆ ಕೈ ಹಾಕಿದಾಗ ಅವಳಿಗೂ ತಡೆಯಲಾಗಲಿಲ್ಲ. ಒಂದು ಸಂಜೆ ಬಿಳಿ ದಾರ ಬೇಕಾಗಿ ಪೆಟ್ಟಿಗೆಗೆ ಕೈ ಹಾಕಿದರೆ ಸಿಕ್ಕಿದ್ದು ನೇರಳೆ. ಗಂಡ ದಾರದ ರೀಲುಗಳನ್ನೆಲ್ಲ ತಿಳಿಯಿಂದ ಗಾಢಕ್ಕೆ ಸಾಲಾಗಿ ಜೋಡಿಸಿದ್ದ. ಅಷ್ಟರಲ್ಲಿ ಶಾಲೆ ವ್ಯಾನಿನ ಡ್ರೈವರು ತನ್ನ ಪ್ಯಾಂಟು ತೆಗೆದುಕೊಂಡು ಹೋಗಲು ಬಂದ. ಅವಳು ದಾರ ಹುಡುಕುವುದರೊಳಗೆ ಗಂಡ ಆ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ಟೇಪು ಹಿಡಿದು, ಗಂಟಲು ಸರಿಮಾಡಿಕೊಂಡ.

"ಎಡಗಾಲು ಕಾಲಿಂಚು ಉದ್ದ ಬಂದಿದೆ. ಬಿಚ್ಚಿ ಹೊಲಿಸಿಕೊಳ್ಳಿ."

"ನನ್ನ ಎಡಗಾಲೇ ಕಾಲಿಂಚು ಉದ್ದ ಸಾರ್," ಎಂದ ಡ್ರೈವರು. "ಬಿಚ್ಚಿಸೋದಾದ್ರೆ ಅದನ್ನೇ ಬಿಚ್ಚಿಸಬೇಕು."

ಡ್ರೈವರು ನಗುತ್ತ ಹೋದ. ಟೈಲರಮ್ಮ ನಗಲಿಲ್ಲ.

"ನೋಡಿ, ನಿಮ್ಮ ಆಫೀಸಲ್ಲಿ ನಾನು ಯಾವತ್ತಾದ್ರೂ ಬಂದು ನಿಮ್ಮ ಲೆಕ್ಕ ತಿದ್ದಿದೀನಾ? ಈ ಕೋಣೆ ನನ್ನ ಆಫೀಸು. ಹೊಸಿಲು ದಾಟಬೇಡಿ."

"ಮನೆಯ ಯಜಮಾನನಿಗೆ ಮನೇಲಿ ಒಂದು ಕೋಣೆಗೂ ಪ್ರವೇಶ ಇಲ್ಲ ಅಂತಾಯ್ತು."

"ಒಂದು ಕೋಣೆಗೆ ಮಾತ್ರ ಇಲ್ಲ ಅಂದೆ. ಲೆಕ್ಕ ಸರಿಯಾಗಿ ಹೇಳಿ."

ಮುದುಕಿ ಮಂಚದಿಂದಲೇ ತೀರ್ಪು ಕೊಟ್ಟಳು. ಅವಳ ಅದೃಷ್ಟದ ಮಾತು ಅಷ್ಟರಲ್ಲಿ ಬದಲಾಗಿತ್ತು. "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇವನು ಹೊನ್ನು ಕೇಳ್ತಿಲ್ಲ, ನಮ್ಮ ಪ್ರಾಣ ತಿಂತಿದಾನೆ."

ಮನೆಯಲ್ಲಿ ಇನ್ನೊಂದು ಜೀವ ಇತ್ತಲ್ಲ, ಮಗಳು, ಅವಳ ಪಾಡು ಇದಕ್ಕೆ ತದ್ವಿರುದ್ಧ. ಚಿಕ್ಕಂದಿನಲ್ಲಿ ನಿದ್ದೆಯಲ್ಲೂ ಮಾತಾಡುತ್ತಿದ್ದಳೆಂದು ಅವಳಿಗೆ ಗಿಣಿ ಎಂದೇ ಹೆಸರು ಬಿದ್ದಿತ್ತು. ಮಾತೇ ಅನ್ನ ಕೊಡುವ ಕೆಲಸ ಸಿಕ್ಕಿದಾಗ ಎಲ್ಲರೂ ಸರಿಹೋಯಿತು ಎಂದಿದ್ದರು. ಫ್ರಿಜ್ಜು, ಬಟ್ಟೆ ಒಗೆಯುವ ಮಷೀನು ಮಾರುವ ಕಂಪನಿಯೊಂದಕ್ಕೆ ಜನ ಫೋನು ಮಾಡಿ ದೂರು ಹೇಳಿದರೆ ಕೇಳಿ ಉತ್ತರ ಕೊಡುವುದು ಅವಳ ಕೆಲಸ. ಮೊದಲು ಉತ್ತರ ಕೊಡುವವರ ಮಾತನ್ನು ಆಗೊಮ್ಮೆ ಈಗೊಮ್ಮೆ ಮೇಲ್ವಿಚಾರಕ ಕೇಳಿಸಿಕೊಳ್ಳುತ್ತಿದ್ದ. ಈಗ ಪ್ರತಿಯೊಂದು ಮಾತನ್ನೂ ಕಂಪ್ಯೂಟರು ಕೇಳಿ, ಆ ಕ್ಷಣವೇ ಅಂಕ ಕೊಡುತ್ತಿತ್ತು. ಹೇಳಿಕೊಟ್ಟ ಮಾತು ಹೇಳಿದರೆ ಹಸಿರು ದೀಪ. ತಡವರಿಸಿದರೆ ಹಳದಿ. ಸುಮ್ಮನಿದ್ದರೆ, ಹೆಚ್ಚು ಹೊತ್ತು ಹಿಡಿದರೆ ಕೆಂಪು. ಒಂದು ಕರೆ ಮುಗಿದ ಉಸಿರಿಗೇ ಇನ್ನೊಂದು.

ಹೀಗಾಗಿ ಗಿಣಿ ಮನೆಗೆ ಬಂದರೆ ಬಾಯಿ ಬಿಡುವುದೇ ಅಪರೂಪವಾಗಿತ್ತು. ಬಿಟ್ಟರೂ ಹೆಚ್ಚಾಗಿ ಬರುತ್ತಿದ್ದುದು ಆಫೀಸಿನ ಮಾತು. ಒಂದು ದಿನ ಅಜ್ಜಿ ನೀರು ಕೇಳಿ ಕೇಳಿ ಬೈದಾಗ ಲೋಟ ತಂದುಕೊಟ್ಟು, "ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದುಬಿಟ್ಟಳು.

"ಯಾರ ತಾಳ್ಮೆ?" ಎಂದಳು ಮುದುಕಿ. "ನಂಗೆ ತಾಳ್ಮೆ ಇದೆ ಅಂತ ನಿಂಗ್ಯಾರು ಹೇಳಿದ್ರು?"

ಅಪ್ಪ ಮಗಳ ನಡುವೆ ಕಿಡಿ ಹತ್ತಿದ್ದು ಊಟದ ಹೊತ್ತಿನಲ್ಲಿ. ಗಿಣಿ ಅನ್ನವನ್ನು ಅಗಿಯದೆ ನುಂಗುತ್ತಿದ್ದಳು. ಮಧ್ಯಾಹ್ನ ಹಾಗೆ ನುಂಗಿ ಅಭ್ಯಾಸವಾಗಿ ಮನೆಯಲ್ಲೂ ಅದೇ ಬಂದಿತ್ತು. ಗಂಡ ಎರಡು ದಿನದಿಂದ ನೋಡುತ್ತಿದ್ದವನು ಅವತ್ತು ಬಾಯಿ ತೆರೆದ.

"ಏನದು, ಹೊಟ್ಟೆಗೆ ಹಾಕ್ತಿದೀಯೋ ಚೀಲಕ್ಕೆ ತುಂಬ್ತಿದೀಯೋ? ಅನ್ನ ಅಗಿದು ತಿನ್ನೋಕೂ ಹೊತ್ತಿಲ್ವಾ?"

"ಅಪ್ಪಾ, ಪ್ಲೀಸ್. ಇಡೀ ದಿನ ನನ್ನನ್ನ ಒಂದು ಮಷೀನು ನೋಡ್ತಾ ಇರತ್ತೆ. ಮನೇಲಿ ನೀನು ಶುರು ಮಾಡ್ಬೇಡ."

"ನೋಡೋರು ಇದ್ರೇನೇ ಕೆಲಸ ನೆಟ್ಟಗಾಗೋದು. ನಮ್ಮ ಕಾಲದಲ್ಲಿ..."

"ನಿಂಗೇನಪ್ಪ! ಕೂತಲ್ಲಿಗೇ ಸಂಬಳ."

ಮುದುಕಿ ಆಡಿದಾಗ ಹೆಮ್ಮೆಯಾಗಿದ್ದ ಮಾತೇ. ಮಗಳ ಬಾಯಲ್ಲಿ ಅದು ಬೇರೆ ಥರ ಕೇಳಿಸಿತು. ಗಂಡ ತಟ್ಟೆಯನ್ನು ಮುಂದಕ್ಕೆ ಸರಿಸಿ, ಲೋಟದಲ್ಲಿ ಉಳಿದಿದ್ದ ನೀರು ಕುಡಿದು, ಎದ್ದು ಕೈ ತೊಳೆದುಕೊಂಡ. ಟೈಲರಮ್ಮ ಮಗಳ ಕಡೆ ಕಣ್ಣು ಬಿಟ್ಟಳು. ಗಿಣಿ ತಲೆ ತಗ್ಗಿಸಿಕೊಂಡು ಉಳಿದದ್ದನ್ನು ಅಷ್ಟೇ ಬೇಗ ನುಂಗಿ ಮುಗಿಸಿದಳು.

ಮಾರನೆಯ ಬೆಳಿಗ್ಗೆ ಅವನು ಯಾರಿಗೂ ಹೇಳದೆ, ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ಡಬ್ಬಿ ಮೇಜಿನ ಮೇಲೆ ಬೆಚ್ಚಗೆ ಕೂತಿತ್ತು. ಟೈಲರಮ್ಮ ಅದನ್ನು ನೋಡುತ್ತ ಸ್ವಲ್ಪ ಹೊತ್ತು ಮಷೀನು ತುಳಿದಳು. ಆಮೇಲೆ ಎದ್ದು ಸೀರೆ ಬದಲಿಸಿ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಆ ಕಚೇರಿಗೆ ಅವಳು ಬಂದು ಎಷ್ಟೋ ವರ್ಷವಾಗಿತ್ತು. ಹಿಂದೆ ಬಂದಾಗ ಕೆಳಗಿನ ಹಜಾರದ ತುಂಬ ಮೇಜುಗಳು, ಮೇಜಿಗೊಬ್ಬರು ಬಗ್ಗಿದ ತಲೆ. ಈಗ ಹಜಾರ ಗುಡಿಸಿಟ್ಟ ಹಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಒಂದೇ ಒಂದು ಕೌಂಟರು. ಅದರ ಮುಂದೆ ಬಾಗಿಲವರೆಗೂ ಜನ. ಕೌಂಟರಿನ ಹಿಂದೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕಂಪ್ಯೂಟರನ್ನು ನೋಡುತ್ತ, ಜನರನ್ನು ನೋಡುತ್ತ, ಯಾರಿಗೂ ಪೂರ್ತಿ ಉತ್ತರ ಕೊಡಲಾಗದೆ ಒದ್ದಾಡುತ್ತಿದ್ದಳು. ಅವಳ ಕೋಟಿನ ತೋಳು ಭುಜದ ಹತ್ತಿರ ಬಿಟ್ಟುಕೊಂಡಿತ್ತು. ಟೈಲರಮ್ಮನ ಕಣ್ಣಿಗೆ ಬಿದ್ದದ್ದು ಮೊದಲು ಅದೇ.

ಮೂರನೆಯ ಮಹಡಿಯಲ್ಲಿ ಒಂದೇ ಬಾಗಿಲು ಮುಚ್ಚಿತ್ತು. ಅವಳು ಮೆಲ್ಲಗೆ ತಳ್ಳಿದಳು.

ಒಳಗಿದ್ದ ಆರು ತಲೆಗಳೂ ಒಟ್ಟಿಗೆ ಮೇಲೆದ್ದವು. ಒಬ್ಬರು ತಟ್ಟನೆ ಕನ್ನಡಕ ಹಾಕಿಕೊಂಡರು. ಒಬ್ಬರು ಅಂಗಿಯ ಜೇಬಿನಿಂದ ಪೆನ್ನು ತೆಗೆದರು. ತೂಕಡಿಸುತ್ತಿದ್ದ ಬೋಳುತಲೆಯವರು ಎದ್ದೇ ನಿಂತು, ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿ, "ಬನ್ನಿ ಅಮ್ಮ, ಕೂತ್ಕೊಳ್ಳಿ. ಏನಾಗಬೇಕಿತ್ತು? ಬಿಲ್ಲಿಂದಾ? ಹೊಸ ಕನೆಕ್ಷನ್ನಾ?" ಎಂದರು. ಅಷ್ಟು ಹೊತ್ತಿಗೆ ಇನ್ನೊಬ್ಬರು, "ಹೆಸರು ಬದಲಾವಣೆ ಇರಬೇಕು, ನಾನು ನೋಡ್ತೀನಿ ಬಿಡಿ" ಎಂದು ಕೈ ಚಾಚಿದರು.

"ಇಲ್ಲ... ನಾನು ಇವರಿಗೆ ಡಬ್ಬಿ ತಂದೆ," ಎಂದಳು ಟೈಲರಮ್ಮ.

ಚಾಚಿದ ಕೈ ಹಾಗೆಯೇ ಹಿಂದಕ್ಕೆ ಹೋಯಿತು. ಪೆನ್ನು ಮತ್ತೆ ಜೇಬು ಸೇರಿತು. ಕಿಟಕಿಯ ಪಕ್ಕ ಕೂತಿದ್ದ ಗಂಡ ಎದ್ದು ಬಂದ. ಅವನ ಕೈಯಲ್ಲಿ ಸುದ್ದಿಪತ್ರಿಕೆಯ ಒಂದು ಹಾಳೆ ಇತ್ತು. ಪತ್ರಿಕೆ ಒಂದೇ, ಜನ ಆರು. ಹಾಳೆ ಹಾಳೆ ಬಿಡಿಸಿ ಹಂಚಿಕೊಂಡಿದ್ದರು. ಗೋಡೆಯ ಗಡಿಯಾರ ನೋಡಿ ಬದಲಾಯಿಸಿಕೊಳ್ಳುವ ಏರ್ಪಾಟು. ಏರ್ಪಾಟು ಯಾರು ಮಾಡಿದ್ದೆಂದು ಅವಳು ಕೇಳಬೇಕಾಗಿರಲಿಲ್ಲ.

"ಇಷ್ಟು ದೂರ ಯಾಕೆ ಬರೋಕೆ ಹೋದೆ?" ಎಂದ ಗಂಡ, ಮೆಲ್ಲಗೆ.

"ಮರೆತು ಬಂದ್ರಲ್ಲ."

"ಮರೀಲಿಲ್ಲ."

"ಗೊತ್ತು. ಊಟದ ಮೇಲೆ ಯಾಕೆ ಸಿಟ್ಟು? ತಿನ್ನಿ."

ಉಣ್ಣೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಮೆಟ್ಟಿಲವರೆಗೆ ಬರುತ್ತೇನೆಂದು ಅವಳ ಜೊತೆ ಹೊರಟಳು. ಆ ಕೋಣೆಗೆ ಬಂದವರು ಬೇಗ ಹೋಗಿಬಿಡುವುದು ಅವಳಿಗೆ ಬೇಡವಾಗಿತ್ತು ಎಂದು ಕಾಣುತ್ತದೆ. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಮಾತು ತಾನಾಗಿ ಬಂತು.

"ಕೆಳಗೆ ಆ ಹುಡುಗಿ ಒದ್ದಾಡ್ತಿದಾಳಲ್ಲ, ನೋಡಿದ್ರಾ? ಕಂಪ್ಯೂಟರು ಬಿಲ್ಲೇನೋ ಮಾಡತ್ತೆ. ಬಿಲ್ಲು ತಪ್ಪಾಯ್ತು ಅಂತ ಜನ ಬಂದ್ರೆ ಮಾತಾಡೋರು ಯಾರು? ಅದಕ್ಕೇ ಆ ಕೌಂಟರು. ಅವಳಿಗೆ ಜೊತೆಯಾಗಿ ಕೂತ್ಕೊಳ್ಳಿ ಅಂತ ನಿಮ್ಮನೆಯವರನ್ನ ಮೊದಲು ಕೇಳಿದ್ದು."

ಟೈಲರಮ್ಮ ಮೆಟ್ಟಿಲ ಮೇಲೆ ನಿಂತಳು. "ನಮಗೆ ಹೇಳಲೇ ಇಲ್ಲ."

"ಒಲ್ಲೆ ಅಂದ್ರು. ಅವಳು ಇವರ ಹತ್ರಾನೇ ಕೆಲಸ ಕಲಿತೋಳು. ಈಗ ಅವಳೇ ಮೇಲಿನೋಳು. ಅವಳ ಕೈಕೆಳಗೆ ಹೇಗೆ ಅಂತ."

"ನೀವು ಯಾಕೆ ಹೋಗಲಿಲ್ಲ?"

"ನನ್ನನ್ನ ಕೇಳಲಿಲ್ಲ," ಎಂದಳು ಅವಳು, ಉಣ್ಣೆಯ ಉಂಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು.

ಹೊರಗೆ ಹೋಗುವಾಗ ಟೈಲರಮ್ಮ ಕೌಂಟರಿನ ಬಳಿ ಒಂದು ಗಳಿಗೆ ನಿಂತಳು. ಸರದಿಯಲ್ಲಿದ್ದವನೊಬ್ಬ, "ನಾವೇನು ಬೆಳಿಗ್ಗೆಯಿಂದ ಕತ್ತೆ ಕಾಯ್ತಿದೀವಾ?" ಎಂದು ಗದರಿದ. "ಬಿಲ್ಲು ಕೇಳೋಕೆ ಬಂದಿಲ್ಲಪ್ಪ," ಎಂದು ಅವನಿಗೆ ಹೇಳಿ, ಆ ಹೆಣ್ಣುಮಗಳ ಕಡೆ ಬಗ್ಗಿದಳು. "ನಾನು ನಿಮ್ಮ ಸಾರ್ ಹೆಂಡತಿ. ತೋಳು ಬಿಟ್ಟುಹೋಗಿದೆ ನೋಡಮ್ಮ. ರಜೆ ದಿನ ಮನೆಗೆ ತಗೊಂಡು ಬಾ. ಎರಡು ನಿಮಿಷದ ಕೆಲಸ."

ಮನೆಗೆ ಬಂದು ಅವಳು ಗಂಡನಿಗೆ ಏನೂ ಹೇಳಲಿಲ್ಲ. ಸಂಜೆ ಮಗಳಿಗೆ ಹೇಳಿದಳು. ಗಿಣಿ ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದಳು.

"ಬಾಗಿಲು ತೆಗೆದೆ ನೋಡು, ಆರೂ ಜನ ಒಟ್ಟಿಗೆ ತಲೆ ಎತ್ತಿದ್ರು ಕಣೇ. ಕೆಲಸ ಬಂತು ಅಂದ್ಕೊಂಡ್ರು."

ಗಿಣಿ ಸೊಪ್ಪಿನ ಕಡ್ಡಿಯನ್ನು ಮುರಿಯುತ್ತ ಕೂತಳು. "ನಮ್ಮಲ್ಲಿ ಯಾರು ಬಂದ್ರೂ ಒಬ್ರೂ ತಲೆ ಎತ್ತಲ್ಲಮ್ಮ," ಎಂದಳು. "ಎತ್ತಿದ್ರೆ ಹಳದಿ."

ಅಂದಿನಿಂದ ಅವಳು ಅಪ್ಪನ ಎದುರು ಸ್ವಲ್ಪ ನಿಧಾನವಾಗಿ ಅಗಿಯತೊಡಗಿದಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ವಾರ ಗಿಣಿಗೆ ಕೆಂಪು ದೀಪ ಬಿತ್ತು. ಮೊದಲನೆಯದಲ್ಲ, ಆ ತಿಂಗಳಲ್ಲಿ ಎರಡನೆಯದು. ಮೂರಾದರೆ ಕೆಲಸದಿಂದ ತೆಗೆಯುತ್ತಾರೆ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದಳು.

"ಒಬ್ರು ಅಜ್ಜಿ ಫೋನ್ ಮಾಡಿದ್ರು. ಫ್ರಿಜ್ಜು ಸದ್ದು ಮಾಡ್ತಿಲ್ಲ ಅಂತ."

"ಸದ್ದು ಮಾಡದಿದ್ರೆ ಒಳ್ಳೇದಲ್ವೇನೇ?" ಎಂದಳು ಮುದುಕಿ.

"ನಾನೂ ಅದೇ ಕೇಳಿದೆ. ಗಂಡ ಹೋದ ಮೇಲೆ ರಾತ್ರಿ ಆ ಸದ್ದೇ ಜೊತೆ ಇತ್ತಂತೆ. ಹೊಸ ಫ್ರಿಜ್ಜು ಸದ್ದೇ ಮಾಡಲ್ಲ, ನಿದ್ದೆ ಬರಲ್ಲ ಅಂತ ಅತ್ರು. ನಾನೇನು ಹೇಳ್ಲಿ? ಸುಮ್ಮನೆ ಕೇಳ್ತಾ ಕೂತೆ. ಕೆಂಪು ಬಿತ್ತು."

ಗಂಡ ತಿನ್ನುವುದನ್ನು ನಿಲ್ಲಿಸಿದ. ಮುಖ್ಯಸ್ಥನ ಗತ್ತು ಅವನ ಬೆನ್ನಿಗೆ ತಾನಾಗಿ ಬಂದು ಕೂತಿತು.

"ಆ ಅಂಕ ಕೊಟ್ಟಿದ್ದು ಯಾರು?"

"ಮಷೀನು."

"ಅದಾದ ಮೇಲೆ ಮನುಷ್ಯರು ಯಾರು ಕೇಳಿದ್ರು?"

"ಯಾರೂ ಇಲ್ಲ."

"ಹಾಗಾದ್ರೆ ತಪಾಸಣೆ ಆಗಿಲ್ಲ ಅಂತಾಯ್ತು. ಒಬ್ಬರು ಬರೆದಿದ್ದನ್ನ ಅವರೇ ಸರಿ ಅಂದ್ರೆ ಅದು ತಪಾಸಣೆ ಅಲ್ಲ. ನಾಳೆ ಹೋಗಿ ಕೇಳು, ಆ ಮಾತನ್ನ ಯಾರಾದ್ರೂ ಒಬ್ರು ಕೂತು ಕೇಳಿ ಅಂತ."

"ಹಾಗೆ ಕೇಳೋ ಪದ್ಧತಿ ಇಲ್ಲಪ್ಪ ಅಲ್ಲಿ."

"ಎಲ್ಲೂ ಇರಲ್ಲ. ಯಾರಾದ್ರೂ ಮೊದಲು ಕೇಳಬೇಕು."

ಗಿಣಿ ಎರಡು ದಿನ ಅಂಜುತ್ತ ಕಳೆದು ಮೂರನೆಯ ದಿನ ಕೇಳಿದಳು. ಮೇಲ್ವಿಚಾರಕನಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಆಮೇಲೆ ಆ ಕರೆಯ ರೆಕಾರ್ಡನ್ನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿದ. ಅವನ ತಾಯಿಯೂ ಒಬ್ಬಂಟಿಯೇ ಎಂದು ತೋರುತ್ತದೆ; ಕಣ್ಣು ಒರೆಸಿಕೊಂಡು ಕೆಂಪನ್ನು ತೆಗೆದುಹಾಕಿದ. "ಇನ್ನೊಂದು ಸಲ ಹೀಗೆ ಮಾಡ್ಬೇಡ" ಎಂದೂ ಹೇಳಿದ. ಗಿಣಿ ಮನೆಗೆ ಬಂದವಳೇ ಅಪ್ಪನ ಭುಜಕ್ಕೆ ಚೀಲದಿಂದ ಒಂದು ಏಟು ಕೊಟ್ಟು, "ಸಾಹೇಬ್ರೇ, ತಪಾಸಣೆ ಆಯ್ತು" ಎಂದಳು. ಅವಳು ಅಂದು ರಾತ್ರಿಯ ಊಟದುದ್ದಕ್ಕೂ ಮಾತಾಡಿದಳು. ಅನ್ನ ಆರಿಹೋಯಿತು.

ಟೈಲರಮ್ಮ ಇದೇ ಹೊತ್ತು ಎಂದುಕೊಂಡಳು. ಗಿಣಿ ಎದ್ದು ಹೋದ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಕೇಳಿದಳು.

"ಮಗಳಿಗೆ ಹೋಗಿ ಕೇಳು ಅಂದ್ರಿ. ನಿಮ್ಮನ್ನ ಮೇಲಿನೋರೇ ಬಂದು ಕೌಂಟರಿಗೆ ಕೇಳಿದ್ರಂತಲ್ಲ. ಯಾಕೆ ಒಲ್ಲೆ ಅಂದ್ರಿ?"

ಗಂಡನ ಮುಖ ಬಿಗಿಯಿತು. "ಯಾರು ಹೇಳಿದ್ದು?"

"ಯಾರೋ ಹೇಳಿದ್ರು. ಸುಳ್ಳಾ?"

"ಆ ಹುಡುಗಿ ಕೂಡೋದು ಕಳೆಯೋದು ನನ್ನ ಹತ್ರ ಕಲಿತೋಳು. ಅವಳ ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು, ಊರಿನೋರೆಲ್ಲ ನೋಡ್ತಿರುವಾಗ, ಅವಳು ಹೇಳಿದ ಹಾಗೆ ಕೇಳ್ಬೇಕಾ? ನನ್ನ ಮರ್ಯಾದೆ ಏನಾಗಬೇಕು?"

"ಮೂರನೇ ಮಹಡೀಲಿ ಪೇಪರಿನ ಹಾಳೆ ಎಣಿಸೋದರಲ್ಲಿ ಮರ್ಯಾದೆ ಇದೆಯಾ?"

"ಅಲ್ಲಿ ಯಾರೂ ನೋಡಲ್ಲ!"

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಟೈಲರಮ್ಮ ದನಿ ಏರಿಸಲಿಲ್ಲ.

"ನೋಡಿ, ಮದುವೆಯಾದಾಗಿನಿಂದ ನಾನು ಜನರ ಕಾಲ ಬುಡದಲ್ಲಿ ಮಂಡಿ ಊರಿ ಕೂತು ಪ್ಯಾಂಟಿನ ಅಂಚಿಗೆ ಗುಂಡುಸೂಜಿ ಹಾಕಿದೀನಿ. ನಾನು ಚಡ್ಡಿ ಹೊಲಿದುಕೊಟ್ಟ ಹುಡುಗರೇ ಇವತ್ತು ದೊಡ್ಡ ಆಫೀಸರಾಗಿ ಬಂದು ನಿಂತ್ಕೋತಾರೆ. ಅವರ ಕಾಲ ಬುಡದಲ್ಲೂ ಕೂರ್ತೀನಿ. ಬಟ್ಟೆ ಇರೋದು ಅಲ್ಲಿ, ಅದಕ್ಕೆ ಅಲ್ಲಿ ಕೂರ್ತೀನಿ. ನನ್ನ ತಲೆ ಯಾವತ್ತಾದ್ರೂ ಕೆಳಗೆ ಹೋಗಿದ್ದು ನೀವು ನೋಡಿದೀರಾ?"

ಗಂಡ ನೀರಿನ ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸಿದ. "ನಿನ್ನದು ಬೇರೆ" ಎಂದ.

"ಏನು ಬೇರೆ?"

ಮಂಚದಿಂದ ಮುದುಕಿಯೂ, "ಕೇಳ್ತಾಳೆ ಹೇಳೋ, ಏನು ಬೇರೆ?" ಎಂದು ಕೆದಕಿದಳು. ಅವನು ಎದ್ದು ಹೋಗಿ ಮಲಗಿಬಿಟ್ಟ.

ಅದಾದ ಮೇಲೆ ಕೆಲವು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಡಬ್ಬಗಳ ಚೀಟಿಗಳಲ್ಲಿ ಕೆಲವು ಉದುರಿದವು. ಅವನು ಮತ್ತೆ ಅಂಟಿಸಲಿಲ್ಲ.

ಕೌಂಟರಿನ ಹೆಣ್ಣುಮಗಳು ರಜೆಯ ದಿನ ಕೋಟು ಹಿಡಿದು ಬಂದೇಬಿಟ್ಟಳು. ಅವಳ ದನಿ ಬಾಗಿಲಲ್ಲಿ ಕೇಳಿದ್ದೇ ಗಂಡ ತರಕಾರಿ ಹೆಚ್ಚುವ ನೆಪದಲ್ಲಿ ಅಡಿಗೆಮನೆ ಸೇರಿಕೊಂಡ. ಅಡಿಗೆಮನೆಗೂ ಹೊಲಿಗೆ ಕೋಣೆಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ಟೈಲರಮ್ಮ ತೋಳು ಬಿಚ್ಚುತ್ತ, ಅದನ್ನೂ ಇದನ್ನೂ ಕೇಳುತ್ತ, ಬೇಕೆಂದೇ ನಿಧಾನ ಮಾಡಿದಳು.

"ಇದು ಹೇಗೆ ಬಿಡ್ತಮ್ಮ? ಹೊಲಿಗೆ ಗಟ್ಟಿಯಾಗೇ ಇತ್ತಲ್ಲ."

"ಒಬ್ರು ಹಿಡಿದು ಎಳೆದ್ರು, ಆಂಟಿ. ಬೇಕೂಂತ ಅಲ್ಲ. ಮೂರನೇ ಸಲ ಬಂದಿದ್ರಂತೆ, ಸಿಟ್ಟಲ್ಲಿದ್ರು. ನಾನು ಈ ತಿಂಗಳ ಕೊನೆಗೆ ಬಿಟ್ಟುಬಿಡೋಣ ಅಂತಿದೀನಿ. ಮೊದಲು ಸಾರ್ ಇದ್ರು. ಯಾರಾದ್ರೂ ಕೂಗಾಡಿದ್ರೆ ಅವರು ಎದ್ದು ಬರ್ತಿದ್ರು. ಏನೂ ಹೇಳ್ತಿರ್ಲಿಲ್ಲ. 'ಮೊದಲು ಕೂತ್ಕೊಳ್ಳಿ' ಅಂತಿದ್ರು ಅಷ್ಟೇ. ಅರ್ಧ ಸಿಟ್ಟು ಅಲ್ಲೇ ಇಳೀತಿತ್ತು."

ಅಡಿಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು.

"ನೀನೂ ಹಾಗೇ ಹೇಳಬಾರದಾ?"

"ಕೂರಿಸೋಕೆ ಕುರ್ಚಿ ಎಲ್ಲಿದೆ ಆಂಟಿ? ಕೆಳಗಿನ ಕುರ್ಚಿ ಎಲ್ಲಾ ಹರಾಜು ಹಾಕಿದ್ರು. ಕಂಪ್ಯೂಟರು ಬಂದ ಮೇಲೆ ಜನ ಬರೋದೇ ಇಲ್ಲ ಅಂದ್ಕೊಂಡಿದ್ರು."

ಗಂಡ ಕೈ ಒರೆಸಿಕೊಳ್ಳುತ್ತ ಬಂದು ಹೊಲಿಗೆ ಕೋಣೆಯ ಹೊಸಿಲಿನ ಈಚೆಗೇ ನಿಂತ. ಆ ಹೆಣ್ಣುಮಗಳು ದಡಬಡಿಸಿ ಎದ್ದಳು.

"ಕೂತ್ಕೋ, ಕೂತ್ಕೋ," ಎಂದ ಅವನು. ಹೆಂಡತಿಯ ಕಡೆ ನೋಡಿದ. ಟೈಲರಮ್ಮ ಒಳಗೆ ಬನ್ನಿ ಎಂಬಂತೆ ತಲೆಯಾಡಿಸಿದಳು. ಅವನು ಬಂದು ಕತ್ತರಿಸಿಟ್ಟ ಬಟ್ಟೆಗಳ ಗಂಟಿನ ಪಕ್ಕ, ಸ್ಟೂಲಿನ ಮೇಲೆ ಕೂತ.

"ಒಂದೂ ಕುರ್ಚಿ ಇಲ್ವಾ?"

"ನಂದೊಂದೇ ಸಾರ್."

"ಮುದುಕರು ಬಂದ್ರೆ?"

"ನಿಂತೇ ಇರ್ತಾರೆ."

"ಮೇಲೆ ನಮ್ಮ ಕೋಣೇಲಿ ಆರಿವೆ," ಎಂದ. "ನಾಳೆ ಇಳಿಸೋಣ."

"ಆಮೇಲೆ ನೀವೆಲ್ಲ ಎಲ್ಲಿ ಕೂತ್ಕೋತೀರಿ ಸಾರ್?"

"ಕುರ್ಚಿ ಎಲ್ಲಿರತ್ತೋ ಅಲ್ಲಿ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಆದೇಶ ಇಲ್ವಲ್ಲ ಸಾರ್..."

"ಮೇಲಿರೋಕೆ ಮಾತ್ರ ಆದೇಶ ಇದೆಯಾ? 'ಸದ್ಯಕ್ಕೆ' ಅಂದ್ರು ಅಷ್ಟೇ. ಸದ್ಯ ಮುಗೀತು ಅಂದ್ಕೊಳ್ಳೋಣ. ನೀನು ಕಂಪ್ಯೂಟರು ನೋಡು, ನಾವು ಜನರನ್ನ ನೋಡ್ತೀವಿ. ಏನು ಮಾಡಬೇಕು ಅಂತ ನೀನೇ ಹೇಳು, ಮೇಲಿನೋಳು ನೀನು."

ಕೊನೆಯ ಮಾತು ಸ್ವಲ್ಪ ತಡವಾಗಿಯೇ ಹೊರಗೆ ಬಂತು. ಆದರೂ ಬಂತು. ಟೈಲರಮ್ಮ ತಲೆ ಬಗ್ಗಿಸಿ, ಎರಡು ನಿಮಿಷದ ಹೊಲಿಗೆಯನ್ನು ಒಂದೇ ನಿಮಿಷದಲ್ಲಿ ಮುಗಿಸಿದಳು.

ಮರುದಿನ ಅವನು ಆರೂ ಕುರ್ಚಿಗಳನ್ನು ಇಳಿಸಿದ. ಜನ ಮಾತ್ರ ಅವನೂ ಸೇರಿ ನಾಲ್ವರೇ ಇಳಿದರು. ಬೋಳುತಲೆಯವರು ಬಂದರು, ಉಣ್ಣೆಯವಳು ಕೇಳುವ ಮುಂಚೆಯೇ ಬಂದಳು, ಪೆನ್ನಿನವರೂ ಬಂದರು. ಉಳಿದಿಬ್ಬರು ನಮಗೇಕೆ ಈ ಉಸಾಬರಿ ಎಂದು ಮೇಲೆಯೇ ಉಳಿದು, ಮಧ್ಯಾಹ್ನದವರೆಗೆ ಕಿಟಕಿಯ ಕಟ್ಟೆಯ ಮೇಲೆ ಕೂತು, ಆಮೇಲೆ ಎಲ್ಲಿಂದಲೋ ಎರಡು ಸ್ಟೂಲು ಸಂಪಾದಿಸಿಕೊಂಡರು. ಕಚೇರಿಯ ಮ್ಯಾನೇಜರು ಒಂದು ದಿನ ಹಜಾರಕ್ಕೆ ಬಂದು ನಿಂತ. ಕುರ್ಚಿಗಳ ಮೇಲೆ ಕೂತ ಜನರನ್ನೂ, ಅವರ ಎದುರು ಬಗ್ಗಿ ನಿಂತ ತನ್ನ ಹಿರಿಯ ಸಿಬ್ಬಂದಿಯನ್ನೂ, ಮೊದಲಿನ ಅರ್ಧಕ್ಕೆ ಇಳಿದಿದ್ದ ಸರದಿಯನ್ನೂ ನೋಡಿದ. ಯಾರು ಹೇಳಿದ್ದು ಎಂದು ಕೇಳಬೇಕೆಂದು ಬಾಯಿ ತೆರೆದವನು, ಕೇಳಿದರೆ ತಾನೇ ಮೇಲಿನವರಿಗೆ ಉತ್ತರ ಬರೆಯಬೇಕಾದೀತೆಂದು ಮುಚ್ಚಿಕೊಂಡು ಹೋದ. "ಈ ವರ್ಷದ ಕೊನೆವರೆಗೆ ನೋಡೋಣ" ಎಂದು ಆಮೇಲೆ ಹೇಳಿಕಳಿಸಿದನಂತೆ. ಕೌಂಟರಿನ ಹೆಣ್ಣುಮಗಳು ತಿಂಗಳ ಕೊನೆ ಬಂದರೂ ಕೆಲಸ ಬಿಡಲಿಲ್ಲ.

ಗಂಡ ಮತ್ತೆ ಕತ್ತಲಾದ ಮೇಲೆ ಮನೆಗೆ ಬರತೊಡಗಿದ. ದನಿ ಕಟ್ಟಿರುತ್ತಿತ್ತು, ಕಾಲು ಊದಿರುತ್ತಿತ್ತು. ಉಪ್ಪು ಅಟ್ಟದಿಂದ ಇಳಿದು ಒಲೆಯ ಪಕ್ಕಕ್ಕೆ ಬಂದಿದ್ದನ್ನು ಅವನು ಗಮನಿಸಿದಂತೆಯೂ ಕಾಣಲಿಲ್ಲ. ಟೈಲರಮ್ಮನಿಗೆ ಸಂಜೆಗಳು ವಾಪಸ್ಸು ಸಿಕ್ಕಿದವು. ಆದರೆ ಅನ್ನ ಎರಡೆರಡು ಸಲ ಬಿಸಿ ಮಾಡಬೇಕಾಗಿ ಬಂದು, ಹೊತ್ತಿಗೆ ಬಂದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಗೊಣಗುವುದೂ ಶುರುವಾಯಿತು.

ಒಂದು ದಿನ ಊಟಕ್ಕೆ ಕೂತವನು ಹೇಳಿದ, "ಮುಂದಿನ ವರ್ಷ ಆ ಕೌಂಟರಿಗೂ ಒಂದು ಮಷೀನು ಬರತ್ತಂತೆ. ಜನ ಮಾತಾಡಿದ್ರೆ ಅದೇ ಉತ್ತರ ಕೊಡತ್ತಂತೆ."

ಗಿಣಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವನು ಹೇಳಿದ ದನಿಯಲ್ಲಿ ಗೊಣಗಾಟವಿರಲಿಲ್ಲ. ನಾಳೆ ಮೋಡ ಇರುತ್ತದಂತೆ ಎಂದ ಹಾಗಿತ್ತು.

"ಬರ್ಲಿ ಬಿಡಿ," ಎಂದಳು ಟೈಲರಮ್ಮ, ಅನ್ನ ಬಡಿಸುತ್ತ. "ಅಷ್ಟರೊಳಗೆ ಜನಕ್ಕೆ ಮನುಷ್ಯರ ಹತ್ರ ಮಾತಾಡೋ ಚಟ ಹತ್ತಿಸಿಬಿಡಿ."

ಅವನು ನಕ್ಕ. ಅನ್ನ ನೆತ್ತಿಗೇರಿ ಕೆಮ್ಮಿದ. ಮಗಳು ತಲೆ ತಟ್ಟಿದಳು, ಮುದುಕಿ ಯಾರು ನೆನೆಸಿಕೊಂಡರೋ ಎಂದಳು. ಅವನು ನೀರು ಕುಡಿದು, ಇನ್ನೊಂದು ಸೌಟು ಹಾಕಿಸಿಕೊಂಡು, ತಟ್ಟೆ ಬಳಿದು ತಿಂದ. ಕೈ ತೊಳೆದುಕೊಂಡು ಮಲಗಲು ಹೊರಟವನು ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ:

"ನಾಳೆ ಸ್ವಲ್ಪ ಬೇಗ ಎಬ್ಬಿಸು. ಜನ ಕಾಯ್ತಿರ್ತಾರೆ."